ಗಾಡಿಗೆ ಮೂರು ಬೆಲೆ

(ಕಲಿಕಾ ಕೇಂದ್ರದಲ್ಲಿ ಆಡಿದ ಮಾತು)



ಇವತ್ತು ನಾವು ಕಾರಿನ ವಿಷಯ ಮಾತಾಡೋಣ.

"ನಮಗೂ ಕಾರಿಗೂ ಏನು ಸಂಬಂಧ?" ಅಂತ ನೀವು ಕೇಳಬಹುದು. ಸಂಬಂಧ ಇದೆ. ನಮ್ಮ ಊರಿನ ಹುಡುಗರು ಸಾಲ ಮಾಡಿ ಕಾರು ಕೊಳ್ಳುತ್ತಿದ್ದಾರೆ. ಬಾಡಿಗೆಗೆ ಓಡಿಸಿ ಬದುಕು ಕಟ್ಟಿಕೊಳ್ಳುತ್ತೇವೆ ಅನ್ನುತ್ತಾರೆ. ಒಳ್ಳೆಯ ಮಾತೇ. ಆದರೆ ಸಾಲದ ಕಾಗದಕ್ಕೆ ಅಪ್ಪನ ಸಹಿ ಬೇಕು. ಮುಂಗಡ ಹಣಕ್ಕೆ ಅಮ್ಮನ ಒಡವೆ ಅಡ ಇಡಬೇಕು. ಕಂತು ತಪ್ಪಿದರೆ ಗಾಡಿ ಹೋಗುತ್ತದೆ. ಅದರ ಹಿಂದೆಯೇ ಒಡವೆಯೂ ಹೋಗುತ್ತದೆ. ಕಾರು ಕೊಳ್ಳುವವನು ಒಬ್ಬ. ಲೆಕ್ಕ ತಿಳಿಯಬೇಕಾದವರು ಮನೆಮಂದಿ ಎಲ್ಲ.

ಈಗ ಕರೆಂಟಿನಲ್ಲಿ ಓಡುವ ಕಾರು ಬಂದಿದೆ. ಅದಕ್ಕೆ ಪೆಟ್ರೋಲ್ ಬೇಡ, ಹೊಗೆ ಇಲ್ಲ, ಸದ್ದೂ ಇಲ್ಲ. ಒಬ್ಬರು "ಅದು ಬಹಳ ಅಗ್ಗ" ಅನ್ನುತ್ತಾರೆ. ಇನ್ನೊಬ್ಬರು "ಅಯ್ಯೋ, ಅದು ಬಹಳ ದುಬಾರಿ" ಅನ್ನುತ್ತಾರೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಇಬ್ಬರ ಮಾತೂ ನಿಜ. ಅದು ಹೇಗೆ? ಅದನ್ನೇ ಇವತ್ತು ತಿಳಿಯೋಣ.

ಎಮ್ಮೆ ಕೊಳ್ಳುವ ಬುದ್ಧಿ

ಜಾತ್ರೆಗೆ ಹೋಗಿ ಎಮ್ಮೆ ಕೊಳ್ಳುವಾಗ ನೀವು ಏನೇನು ಕೇಳುತ್ತೀರಿ? ಬೆಲೆ ಎಷ್ಟು ಅಂತ ಕೇಳುತ್ತೀರಿ. ಅಷ್ಟಕ್ಕೇ ಬಿಡುವುದಿಲ್ಲ. ದಿನಕ್ಕೆ ಎಷ್ಟು ಹಾಲು ಕೊಡುತ್ತದೆ? ಎಷ್ಟು ಮೇವು ತಿನ್ನುತ್ತದೆ? ಎಷ್ಟನೇ ಸೂಲು? ನಾಳೆ ಮಾರಬೇಕಾದರೆ ಯಾರಾದರೂ ಕೊಳ್ಳುತ್ತಾರಾ? ಹಲ್ಲು ನೋಡುತ್ತೀರಿ, ಕೆಚ್ಚಲು ನೋಡುತ್ತೀರಿ. ಆಮೇಲೆ ದುಡ್ಡು ಎಣಿಸುತ್ತೀರಿ.

ಕಾರಿಗೂ ಇದೇ ಬುದ್ಧಿ ಸಾಕು. ಯಾವ ಗಾಡಿಗೂ ಮೂರು ಬೆಲೆ ಇರುತ್ತದೆ.

ಮೊದಲನೆಯದು ಕೊಳ್ಳುವ ಬೆಲೆ.
ಎರಡನೆಯದು ಓಡಿಸುವ ಬೆಲೆ.
ಮೂರನೆಯದು ಮಾರುವ ಬೆಲೆ.

ಅಂಗಡಿಯವರು ಬೋರ್ಡಿನಲ್ಲಿ ಬರೆಯುವುದು ಒಂದೇ ಒಂದು ಬೆಲೆ. ಉಳಿದ ಎರಡನ್ನು ನಾವೇ ಲೆಕ್ಕ ಹಾಕಿ ತಿಳಿಯಬೇಕು.

ಬೋರ್ಡಿನ ಬೆಲೆ, ರಸ್ತೆಯ ಬೆಲೆ

ಮೊದಲು ಕೊಳ್ಳುವ ಬೆಲೆ ನೋಡೋಣ. ಬೋರ್ಡಿನಲ್ಲಿರುವ ಬೆಲೆಗೆ "ಎಕ್ಸ್ ಷೋರೂಂ" ಬೆಲೆ ಅಂತಾರೆ. ಅಂದ್ರೆ ಅಂಗಡಿಯ ಬಾಗಿಲಿನವರೆಗಿನ ಬೆಲೆ. ಆ ದುಡ್ಡು ಕೊಟ್ಟರೆ ಕಾರು ರಸ್ತೆಗೆ ಇಳಿಯುವುದಿಲ್ಲ. ಅದರ ಮೇಲೆ ರಸ್ತೆ ತೆರಿಗೆ ಕಟ್ಟಬೇಕು. ನೋಂದಣಿ ಮಾಡಿಸಬೇಕು. ವಿಮೆ ಮಾಡಿಸಬೇಕು. ಇವೆಲ್ಲ ಸೇರಿದ ಮೇಲೆ ಬರುವುದು "ಆನ್ ರೋಡ್" ಬೆಲೆ, ಅಂದ್ರೆ ರಸ್ತೆಯ ಬೆಲೆ. ಯಾವಾಗಲೂ ರಸ್ತೆಯ ಬೆಲೆಯನ್ನೇ ಕೇಳಿ.

ಬೋರ್ಡಿನ ಬೆಲೆಯ ಒಳಗೂ ಒಂದು ತೆರಿಗೆ ಕೂತಿರುತ್ತದೆ. ಅದರ ಹೆಸರು ಜಿ.ಎಸ್.ಟಿ. ಈ ತೆರಿಗೆ ಎಲ್ಲ ಕಾರಿಗೂ ಒಂದೇ ಅಲ್ಲ. 2025ರ ಸೆಪ್ಟೆಂಬರ್ 22ರಂದು ಹೊಸ ದರಗಳು ಬಂದವು. ಅದರ ಪ್ರಕಾರ ಸಣ್ಣ ಪೆಟ್ರೋಲ್ ಕಾರಿಗೆ 100 ರೂಪಾಯಿಗೆ 18 ರೂಪಾಯಿ ತೆರಿಗೆ. ದೊಡ್ಡ ಕಾರಿಗೆ 100ಕ್ಕೆ 40. ಕರೆಂಟಿನ ಕಾರಿಗೆ 100ಕ್ಕೆ 5 ಮಾತ್ರ. ಕರೆಂಟಿನ ಕಾರಿಗೆ ಈ 5ರ ದರ 2019ರಿಂದ ಇದೆ. ಅದಕ್ಕೂ ಮೊದಲು 12 ಇತ್ತು.

ಸರ್ಕಾರ ಹೀಗೆ ಯಾಕೆ ಮಾಡಿತು? ಪೆಟ್ರೋಲ್ ತಯಾರಿಸಲು ಬೇಕಾದ ಕಚ್ಚಾ ಎಣ್ಣೆಯ ಬಹುಪಾಲನ್ನು ನಮ್ಮ ದೇಶ ಹೊರಗಿನಿಂದ ತರಿಸುತ್ತದೆ. ಪೆಟ್ರೋಲಿನ ಹೊಗೆಯಿಂದ ಪೇಟೆಗಳ ಗಾಳಿ ಕೆಡುತ್ತದೆ. ಆದ್ದರಿಂದ ಜನ ಕರೆಂಟಿನ ಗಾಡಿ ಕೊಳ್ಳಲಿ ಅಂತ ತೆರಿಗೆ ಇಳಿಸಿದ್ದಾರೆ. ನಮ್ಮ ಕರ್ನಾಟಕ 2017ರಲ್ಲೇ ವಿದ್ಯುತ್ ವಾಹನಗಳಿಗಾಗಿ ಒಂದು ನೀತಿ ತಂದಿತು. ಇಂಥ ನೀತಿ ತಂದ ಮೊದಲ ರಾಜ್ಯ ನಮ್ಮದು.

ಹಾಗಿದ್ದರೆ ಕರೆಂಟಿನ ಕಾರು ಅಗ್ಗ ಆಗಬೇಕಿತ್ತಲ್ಲ? ಆಗಿಲ್ಲ. ತೆರಿಗೆ ಇಳಿದರೂ ಅದರ ಬೋರ್ಡಿನ ಬೆಲೆ ಅಷ್ಟೇ ದೊಡ್ಡ ಪೆಟ್ರೋಲ್ ಕಾರಿಗಿಂತ ಹೆಚ್ಚೇ ಇರುತ್ತದೆ. 2022ರಲ್ಲಿ ಟಾಟಾ ಕಂಪನಿ ಟಿಯಾಗೊ ಎಂಬ ಸಣ್ಣ ಕಾರನ್ನು ಕರೆಂಟಿನಲ್ಲಿ ಓಡುವಂತೆ ಮಾಡಿ ಮಾರಾಟಕ್ಕೆ ತಂದಿತು. ಅದರ ಆರಂಭದ ಬೆಲೆ 8 ಲಕ್ಷ 49 ಸಾವಿರ ರೂಪಾಯಿ. ಅದೇ ಹೆಸರಿನ ಪೆಟ್ರೋಲ್ ಕಾರು ಅದಕ್ಕಿಂತ ಲಕ್ಷಗಟ್ಟಲೆ ಕಡಿಮೆ ಬೆಲೆಗೆ ಸಿಗುತ್ತಿತ್ತು.

ಈ ಹೆಚ್ಚಿನ ದುಡ್ಡು ಎಲ್ಲಿಗೆ ಹೋಗುತ್ತದೆ? ಬ್ಯಾಟರಿಗೆ.

ಬ್ಯಾಟರಿಯ ಕಥೆ

ಪೆಟ್ರೋಲ್ ಕಾರಿಗೆ ಒಂದು ಟ್ಯಾಂಕು ಇರುತ್ತದೆ. ಅದು ಬರೀ ಒಂದು ಡಬ್ಬ. ಅದಕ್ಕೆ ಹೆಚ್ಚು ಬೆಲೆ ಇಲ್ಲ. ಕರೆಂಟಿನ ಕಾರಿಗೆ ಟ್ಯಾಂಕಿನ ಬದಲು ಬ್ಯಾಟರಿ ಇದೆ. ಕಾರಿನಲ್ಲಿ ಎಲ್ಲಕ್ಕಿಂತ ದುಬಾರಿ ಸಾಮಾನು ಅದೇ. ಅದರಲ್ಲಿ ಲಿಥಿಯಂ ಎಂಬ ಹಗುರವಾದ ಲೋಹ ಇರುತ್ತದೆ.

ಮನೆಯ ಕರೆಂಟು ಬಿಲ್ಲಿನಲ್ಲಿ "ಯೂನಿಟ್" ಅಂತ ಇರುತ್ತದೆ, ನೋಡಿದ್ದೀರಿ. ಬ್ಯಾಟರಿಯನ್ನೂ ಯೂನಿಟ್ ಲೆಕ್ಕದಲ್ಲೇ ಅಳೆಯುತ್ತಾರೆ. ಒಂದು ಯೂನಿಟ್ ಕರೆಂಟು ಹಿಡಿಯುವ ಬ್ಯಾಟರಿಗೆ 2010ರಲ್ಲಿ ಪ್ರಪಂಚದಲ್ಲಿ ಸರಾಸರಿ 1,000 ಡಾಲರಿಗೂ ಹೆಚ್ಚು ಬೆಲೆ ಇತ್ತು. 2024ರಲ್ಲಿ ಅದು ಸುಮಾರು 115 ಡಾಲರಿಗೆ ಇಳಿಯಿತು.

ಇದನ್ನು ನಮ್ಮ ರೂಪಾಯಿಯಲ್ಲಿ ನೋಡೋಣ. ಒಂದು ಸಣ್ಣ ಕಾರಿಗೆ 24 ಯೂನಿಟ್ ಹಿಡಿಯುವ ಬ್ಯಾಟರಿ ಬೇಕು ಅಂತ ಇಟ್ಟುಕೊಳ್ಳಿ. 2010ರಲ್ಲಿ ಬರೀ ಆ ಬ್ಯಾಟರಿಗೇ 10 ಲಕ್ಷ ರೂಪಾಯಿ ದಾಟುತ್ತಿತ್ತು. 2024ರ ಬೆಲೆಯಲ್ಲಿ ಅದಕ್ಕೆ ಎರಡೂಕಾಲು ಲಕ್ಷದಿಂದ ಎರಡೂವರೆ ಲಕ್ಷದ ಒಳಗೆ ಆಗುತ್ತದೆ. ಎಷ್ಟು ಇಳಿದಿದೆ ನೋಡಿ! ಆದರೂ ಎರಡೂಕಾಲು ಲಕ್ಷ ಅಂದ್ರೆ ಸಣ್ಣ ದುಡ್ಡಲ್ಲ. ಒಂದು ಖಾಲಿ ಡಬ್ಬದ ಜಾಗದಲ್ಲಿ ಅಷ್ಟು ದುಡ್ಡು ಕೂತಿದೆ.

ಚೀನಾದಲ್ಲಿ ಒಂದು ಉಪಾಯ ಮಾಡಿದರು. ಬ್ಯಾಟರಿ ಚಿಕ್ಕದು ಮಾಡಿದರು. ಕಾರೂ ಚಿಕ್ಕದು ಮಾಡಿದರು. 2020ರಲ್ಲಿ ಅಲ್ಲಿ ವೂಲಿಂಗ್ ಎಂಬ ಹೆಸರಿನ ಪುಟ್ಟ ಕರೆಂಟಿನ ಕಾರು ಬಂತು. ಬೆಲೆ 28,800 ಯುವಾನ್‌ನಿಂದ ಶುರು. ಆಗಿನ ನಮ್ಮ ಲೆಕ್ಕದಲ್ಲಿ ಸುಮಾರು 3 ಲಕ್ಷ ರೂಪಾಯಿ. ಅದು ದೂರ ಹೋಗುವ ಕಾರಲ್ಲ. ಪೇಟೆಗೆ ಹೋಗಿ ಬರುವ ಕಾರು. ಜನ ಮುಗಿಬಿದ್ದು ಕೊಂಡರು. ಯಾಕೆ? ಅವರಿಗೆ ಬೇಕಾದಷ್ಟೇ ಇತ್ತು. ಬೇಡದ್ದಕ್ಕೆ ಅವರು ದುಡ್ಡು ಕೊಡಬೇಕಾಗಿರಲಿಲ್ಲ.

ಓಟದ ಕಾರು ಯಾಕೆ ಸೊರಗಿತು?

ಬೆಲೆಗೂ ಉಪಯೋಗಕ್ಕೂ ತಾಳೆ ತಪ್ಪಿದರೆ ಏನಾಗುತ್ತದೆ? ಅದನ್ನು ನೋಡಲು ಒಮ್ಮೆ ಅಮೆರಿಕಕ್ಕೆ ಹೋಗಿ ಬರೋಣ.

ಹಾವೇರಿ ಕಡೆ ಕೊಬ್ಬರಿ ಹೋರಿ ಸಾಕುತ್ತಾರೆ. ಅದನ್ನು ಓಟಕ್ಕೆ ಅಂತಲೇ ಸಾಕುತ್ತಾರೆ. ಅದಕ್ಕೆ ಒಳ್ಳೆಯ ಮೇವು, ಮೈತುಂಬ ಅಲಂಕಾರ. ನೋಡಲು ಎರಡು ಕಣ್ಣು ಸಾಲದು. ಆದರೆ ಹೊಲ ಉಳಲು ಅದನ್ನು ನಂಬಿ ಕೂರುವುದಿಲ್ಲ. ಸ್ಪೋರ್ಟ್ಸ್ ಕಾರು ಅಂದ್ರೆ ಹಾಗೆಯೇ. ಓಟದ ಕಾರು. ತಗ್ಗಾಗಿ ಇರುತ್ತದೆ, ಎರಡೇ ಬಾಗಿಲು, ಬಲವಾದ ಎಂಜಿನ್. ಬಾಣದ ಹಾಗೆ ಹೋಗುತ್ತದೆ.

ಅಮೆರಿಕದ ಫೋರ್ಡ್ ಕಂಪನಿ 1964ರ ಏಪ್ರಿಲ್‌ನಲ್ಲಿ ಮಸ್ಟಾಂಗ್ ಎಂಬ ಕಾರು ತಂದಿತು. ಬೆಲೆ 2,368 ಡಾಲರ್‌ನಿಂದ ಶುರು. ಆಗಷ್ಟೇ ಕೆಲಸಕ್ಕೆ ಸೇರಿದ ಹುಡುಗ ಹುಡುಗಿಯರಿಗೂ ಎಟಕುವ ಬೆಲೆ. ಒಂದೇ ವರ್ಷದಲ್ಲಿ 4 ಲಕ್ಷಕ್ಕೂ ಹೆಚ್ಚು ಕಾರು ಹೋದವು. 1966ರಲ್ಲಿ 6 ಲಕ್ಷ ದಾಟಿತು. 2024ಕ್ಕೆ ಬನ್ನಿ. ಆ ವರ್ಷ ಅಮೆರಿಕದಲ್ಲಿ ಮಾರಾಟವಾದ ಮಸ್ಟಾಂಗ್ ಸುಮಾರು 44 ಸಾವಿರ ಮಾತ್ರ. ಹದಿಮೂರಕ್ಕೂ ಹೆಚ್ಚು ಕಾರು ಹೋಗುತ್ತಿದ್ದ ಜಾಗದಲ್ಲಿ ಆ ವರ್ಷ ಒಂದು ಹೋಯಿತು.

ಮಸ್ಟಾಂಗ್‌ಗೆ ಎದುರಾಳಿಯಾಗಿ ಕಮಾರೊ ಎಂಬ ಇನ್ನೊಂದು ಕಾರು ಇತ್ತು. ಮಾರಾಟ ಬಿದ್ದುಹೋಗಿ 2023ರ ಕೊನೆಗೆ ಅದರ ತಯಾರಿಕೆಯನ್ನೇ ನಿಲ್ಲಿಸಿದರು.

ಯಾಕೆ ಹೀಗಾಯಿತು? ಬೆಲೆ ಏರಿತು ಅನ್ನುವುದು ಒಂದು ಕಾರಣ. ಇಲ್ಲಿ ಒಂದು ಸೂಕ್ಷ್ಮ ಇದೆ. 1964ರ ಒಂದು ಡಾಲರೂ 2024ರ ಒಂದು ಡಾಲರೂ ಒಂದೇ ಅಲ್ಲ. ನಮ್ಮಲ್ಲೂ ಹಾಗೇ ಅಲ್ಲವೇ? ಹಿಂದೆ ಒಂದು ರೂಪಾಯಿಗೆ ಬರುತ್ತಿದ್ದ ಸಾಮಾನು ಈಗ ಬರುತ್ತದೆಯೇ? 1964ರ 2,368 ಡಾಲರ್ ಅಂದ್ರೆ 2024ರ ಸುಮಾರು 24 ಸಾವಿರ ಡಾಲರಿಗೆ ಸಮ. ಆದರೆ 2024ರಲ್ಲಿ ಹೊಸ ಮಸ್ಟಾಂಗ್ ಬೆಲೆ 30 ಸಾವಿರ ಡಾಲರ್ ದಾಟಿತ್ತು. ಅಂದ್ರೆ ದುಡ್ಡಿನ ಬೆಲೆ ಇಳಿದದ್ದನ್ನು ಲೆಕ್ಕ ಹಿಡಿದರೂ ಕಾರು ತುಟ್ಟಿಯೇ ಆಗಿದೆ.

ಎರಡನೇ ಕಾರಣ ವಿಮೆ. ವಯಸ್ಸು ಚಿಕ್ಕದು, ಕಾರು ವೇಗದ್ದು ಅಂದ್ರೆ ಅಲ್ಲಿ ವಿಮೆಯ ಹಣ ಹೆಚ್ಚು.

ಮೂರನೇ ಕಾರಣ ಸಂಸಾರ. ಎರಡು ಬಾಗಿಲಿನ ಕಾರಿನಲ್ಲಿ ಮಕ್ಕಳನ್ನು ಹಿಂದೆ ಕೂರಿಸುವುದು ಕಷ್ಟ. ಸಾಮಾನು ಇಡುವುದೂ ಕಷ್ಟ. ಜನ ಎತ್ತರದ, ಅಗಲವಾದ ಕಾರುಗಳ ಕಡೆ ಹೋದರು. ಮನೆಯಲ್ಲಿ ಒಂದೇ ಕಾರು ಇಡುವವರಿಗೆ ಓಟದ ಹೋರಿ ಬೇಡ, ಉಳುವ ಎತ್ತು ಬೇಕು.

ಅಗ್ಗವಾದರೆ ಸಾಕೇ?

"ಹಾಗಾದ್ರೆ ಬೆಲೆ ಇಳಿಸಿದರೆ ಆಯಿತಲ್ಲ?" ಅನ್ನಬಹುದು. ಅದನ್ನೂ ಒಬ್ಬರು ಮಾಡಿ ನೋಡಿದರು. ಅದು ನಮ್ಮ ದೇಶದ್ದೇ ಕಥೆ.

ಟಾಟಾ ಕಂಪನಿ 2008ರ ಜನವರಿಯಲ್ಲಿ ನ್ಯಾನೊ ಎಂಬ ಕಾರನ್ನು ತೋರಿಸಿತು. 2009ರಲ್ಲಿ ಮಾರಾಟಕ್ಕೆ ಬಿಟ್ಟಿತು. "ಒಂದು ಲಕ್ಷದ ಕಾರು" ಅಂತ ಪ್ರಪಂಚವೆಲ್ಲ ಮಾತಾಡಿತು. ಗುಜರಾತಿನ ಸಾನಂದದಲ್ಲಿ ವರ್ಷಕ್ಕೆ ಎರಡೂವರೆ ಲಕ್ಷ ಕಾರು ಮಾಡುವ ಕಾರ್ಖಾನೆ ಕಟ್ಟಿದರು. ಆದರೆ ಯಾವ ವರ್ಷವೂ ಒಂದು ಲಕ್ಷ ಕಾರು ಮಾರಾಟ ಆಗಲಿಲ್ಲ. 2018ರಲ್ಲಿ ತಯಾರಿಕೆ ನಿಂತೇ ಹೋಯಿತು.

ಜನಕ್ಕೆ ಕಾರು ಅಂದ್ರೆ ಮರ್ಯಾದೆ. "ಎಲ್ಲಕ್ಕಿಂತ ಅಗ್ಗದ ಕಾರು" ಎಂಬ ಹೆಸರೇ ಅದಕ್ಕೆ ಭಾರವಾಯಿತು. ಕೆಲವು ಕಾರುಗಳಿಗೆ ಬೆಂಕಿ ಬಿದ್ದ ಸುದ್ದಿ ಬಂತು. ಜನ ಹೆದರಿದರು. ಸ್ವಲ್ಪ ಹೆಚ್ಚು ಸಾಲ ಮಾಡಿದರೆ ಇನ್ನೊಂದು ಕಾರು ಬರುತ್ತದಲ್ಲ ಅಂದರು. ಇಲ್ಲಾ, ಹಳೇ ಕಾರು ಕೊಂಡರು.

ಓಟದ ಕಾರಿಗೆ ಹೆಸರಿತ್ತು, ಉಪಯೋಗ ಇರಲಿಲ್ಲ. ನ್ಯಾನೊಗೆ ಬೆಲೆ ಇತ್ತು, ಹೆಸರಿರಲಿಲ್ಲ. ಕೊಳ್ಳುವ ಬೆಲೆ ಒಂದನ್ನೇ ನೋಡಿದರೆ ಕಂಪನಿಯ ಲೆಕ್ಕವೂ ತಪ್ಪುತ್ತದೆ, ನಮ್ಮ ಲೆಕ್ಕವೂ ತಪ್ಪುತ್ತದೆ.

ಬೆಂಗಳೂರಿನ ರೇವಾ

ಕರೆಂಟಿನ ಕಾರು ಹೊರದೇಶದಿಂದ ಬಂದ ಹೊಸ ವಸ್ತು ಅಂತ ಹಲವರು ತಿಳಿದಿದ್ದಾರೆ. ಹಾಗಲ್ಲ. 2001ರಲ್ಲೇ ನಮ್ಮ ಬೆಂಗಳೂರಿನಲ್ಲಿ ಕರೆಂಟಿನ ಕಾರು ಮಾರಾಟಕ್ಕೆ ಬಂತು. ಹೆಸರು ರೇವಾ. ಅದನ್ನು ರೂಪಿಸಿದ ತಂಡದ ಮುಂದಾಳು ಚೇತನ್ ಮೈನಿ. ಕಾರ್ಖಾನೆ ಬೊಮ್ಮಸಂದ್ರದಲ್ಲಿತ್ತು. ಮುಂದೆ ಇಬ್ಬರು ದೊಡ್ಡವರು, ಹಿಂದೆ ಇಬ್ಬರು ಮಕ್ಕಳು ಕೂರುವಷ್ಟು ಪುಟ್ಟ ಕಾರು. ಮನೆಯ ಇನ್ವರ್ಟರಿನಲ್ಲಿ ಇರುವಂಥ ಸೀಸದ ಬ್ಯಾಟರಿ. ಒಮ್ಮೆ ಚಾರ್ಜ್ ಮಾಡಿದರೆ ಸುಮಾರು 80 ಕಿಲೋಮೀಟರ್ ಹೋಗುತ್ತಿತ್ತು.

ಈ ಕಾರನ್ನು ಇಂಗ್ಲೆಂಡಿನ ಲಂಡನ್ನಿಗೂ ಕಳಿಸಿದರು. ಅಲ್ಲಿ ಅದಕ್ಕೆ "ಜಿ-ವಿಜ್" ಅಂತ ಹೆಸರಾಯಿತು. ಲಂಡನ್ನಿನಲ್ಲಿ 2003ರಿಂದ ಒಂದು ನಿಯಮ ಬಂದಿತ್ತು. ಊರಿನ ನಡುಮಧ್ಯಕ್ಕೆ ಕಾರು ತಂದರೆ ದಿನಕ್ಕೆ ಇಷ್ಟು ಅಂತ ಸುಂಕ ಕೊಡಬೇಕು. ಆಗ ಕರೆಂಟಿನ ಕಾರಿಗೆ ಆ ಸುಂಕ ಇರಲಿಲ್ಲ. ದಿನಾ ಊರೊಳಗೆ ಹೋಗುವವರಿಗೆ ಉಳಿತಾಯವೋ ಉಳಿತಾಯ. ಅದಕ್ಕೇ ಅವರು ಈ ಕಾರು ಕೊಂಡರು.

ಬೆಂಗಳೂರಿನಲ್ಲಿ ಅಂಥ ಸುಂಕವೇ ಇರಲಿಲ್ಲ. ಆದ್ದರಿಂದ ಆ ಉಳಿತಾಯವೂ ಇಲ್ಲ. ನಮ್ಮವರು "ಇಷ್ಟು ಪುಟ್ಟ ಕಾರಿಗೆ ಇಷ್ಟು ದುಡ್ಡೇ?" ಅಂದರು. ರೇವಾ ಕೆಲವೇ ಸಾವಿರ ಮಾರಾಟವಾಯಿತು. 2010ರಲ್ಲಿ ಕಂಪನಿಯ ದೊಡ್ಡ ಪಾಲನ್ನು ಮಹೀಂದ್ರ ಕಂಪನಿ ಕೊಂಡಿತು.

ಕಾರು ಅದೇ, ಬೆಂಗಳೂರಿನಲ್ಲಿ ತಯಾರಾದದ್ದೇ. ಲಂಡನ್ನಿನವನಿಗೆ ಅಗ್ಗ, ಬೆಂಗಳೂರಿನವನಿಗೆ ದುಬಾರಿ. ಅಂದ್ರೆ ಅಗ್ಗ ದುಬಾರಿ ಅನ್ನುವುದು ಕಾರಿನ ಒಳಗೆ ಇಲ್ಲ. ಯಾರು, ಎಲ್ಲಿ, ಎಷ್ಟು ಓಡಿಸುತ್ತಾರೆ ಎಂಬುದರಲ್ಲಿದೆ.

ಈಗ ಲೆಕ್ಕ ಹಾಕೋಣ

ಈಗ ಎರಡನೇ ಬೆಲೆಗೆ ಬರೋಣ. ಓಡಿಸುವ ಬೆಲೆ. ಸ್ಲೇಟು ತೆಗೆದುಕೊಳ್ಳಿ. ಲೆಕ್ಕ ಸುಲಭ ಆಗಲಿ ಅಂತ ದುಂಡು ಸಂಖ್ಯೆ ಇಟ್ಟುಕೊಳ್ಳೋಣ. ನಿಮ್ಮ ಊರಿನ ಬೆಲೆ ಬೇರೆ ಇದ್ದರೆ ಅದನ್ನೇ ಹಾಕಿ.

ಪೆಟ್ರೋಲ್ ಕಾರು: ಲೀಟರಿಗೆ 100 ರೂಪಾಯಿ. ಒಂದು ಲೀಟರಿಗೆ 20 ಕಿಲೋಮೀಟರ್. ಆಗ ಒಂದು ಕಿಲೋಮೀಟರಿಗೆ 5 ರೂಪಾಯಿ.

ಕರೆಂಟಿನ ಕಾರು: ಮನೆಯ ಕರೆಂಟು ಯೂನಿಟ್ಟಿಗೆ 7 ರೂಪಾಯಿ. ಒಂದು ಯೂನಿಟ್ಟಿಗೆ 7 ಕಿಲೋಮೀಟರ್. ಆಗ ಒಂದು ಕಿಲೋಮೀಟರಿಗೆ 1 ರೂಪಾಯಿ.

ಉಳಿತಾಯ ಎಷ್ಟು? ಕಿಲೋಮೀಟರಿಗೆ 4 ರೂಪಾಯಿ.

ಕರೆಂಟಿನ ಕಾರಿಗೆ ಕೊಳ್ಳುವಾಗ 3 ಲಕ್ಷ ಹೆಚ್ಚು ಕೊಟ್ಟಿದ್ದೇವೆ ಅಂತ ಇಟ್ಟುಕೊಳ್ಳಿ. ಆ 3 ಲಕ್ಷ ವಾಪಸ್ಸು ಬರಲು ಎಷ್ಟು ಓಡಿಸಬೇಕು? 3,00,000ವನ್ನು 4ರಿಂದ ಭಾಗಿಸಿ. 75,000 ಕಿಲೋಮೀಟರ್.

ಈಗ ಮೂರು ಮನೆ ನೋಡೋಣ. ಮೂವರೂ ವರ್ಷಕ್ಕೆ 300 ದಿನ ಗಾಡಿ ಓಡಿಸುತ್ತಾರೆ.

ಮೊದಲನೇ ಮನೆ. ಕಾರು ದಿನಕ್ಕೆ 10 ಕಿಲೋಮೀಟರ್ ಓಡುತ್ತದೆ. ವರ್ಷಕ್ಕೆ 3,000. ಹೆಚ್ಚು ಕೊಟ್ಟ ದುಡ್ಡು ವಾಪಸ್ಸು ಬರಲು 25 ವರ್ಷ ಬೇಕು. ಅಷ್ಟರಲ್ಲಿ ಕಾರೇ ಮೂಲೆ ಸೇರಿರುತ್ತದೆ. ಈ ಮನೆಗೆ ಕರೆಂಟಿನ ಕಾರು ದುಬಾರಿ.

ಎರಡನೇ ಮನೆ. ಕಾರು ದಿನಕ್ಕೆ 50 ಕಿಲೋಮೀಟರ್ ಓಡುತ್ತದೆ. ವರ್ಷಕ್ಕೆ 15,000. ದುಡ್ಡು 5 ವರ್ಷಕ್ಕೆ ವಾಪಸ್ಸು. ಆಮೇಲೆ ಎಲ್ಲ ಉಳಿತಾಯ. ಈ ಮನೆಗೆ ಆಗಬಹುದು.

ಮೂರನೇ ಮನೆ. ಬಾಡಿಗೆ ಗಾಡಿ. ದಿನಕ್ಕೆ 150 ಕಿಲೋಮೀಟರ್. ವರ್ಷಕ್ಕೆ 45,000. ಇವನಿಗೆ ಮನೆಯ ಚಾರ್ಜ್ ಸಾಲದು. ಮಧ್ಯಾಹ್ನ ಹೊರಗಡೆ ಚಾರ್ಜ್ ಮಾಡಬೇಕು. ಅಲ್ಲಿ ಯೂನಿಟ್ಟಿಗೆ 20 ರೂಪಾಯಿ ತಗೊಂಡರೆ ಕಿಲೋಮೀಟರಿಗೆ ಸುಮಾರು 3 ರೂಪಾಯಿ ಆಗುತ್ತದೆ. ಆಗ ಉಳಿತಾಯ 2 ರೂಪಾಯಿ ಮಾತ್ರ. ಅರ್ಧ ಮನೆಯಲ್ಲಿ, ಅರ್ಧ ಹೊರಗೆ ಅಂತ ಹಿಡಿದರೆ ಸರಾಸರಿ 3 ರೂಪಾಯಿ ಉಳಿತಾಯ. 3 ಲಕ್ಷ ವಾಪಸ್ಸು ಬರಲು 1 ಲಕ್ಷ ಕಿಲೋಮೀಟರ್. ಅಂದ್ರೆ ಸುಮಾರು ಎರಡೂಕಾಲು ವರ್ಷ. ಈ ಮನೆಗೆ ಕರೆಂಟಿನ ಕಾರು ಅಗ್ಗ.

ನೋಡಿದಿರಾ? ಒಬ್ಬರು ಅಗ್ಗ ಅಂದರು, ಇನ್ನೊಬ್ಬರು ದುಬಾರಿ ಅಂದರು. ಇಬ್ಬರೂ ನಿಜವನ್ನೇ ಹೇಳಿದರು.

ಇನ್ನೂ ಒಂದು ಮಾತು. ಎರಡನೇ ಮನೆಯವರಿಗೆ ಮನೆಯಲ್ಲಿ ಚಾರ್ಜ್ ಮಾಡಲು ಜಾಗ ಇಲ್ಲ ಅಂತ ಇಟ್ಟುಕೊಳ್ಳಿ. ಎಲ್ಲವನ್ನೂ ಹೊರಗೇ ಚಾರ್ಜ್ ಮಾಡಿದರೆ 5 ವರ್ಷದ ಬದಲು 10 ವರ್ಷ ಆಗುತ್ತದೆ. ಹಾಗಾಗಿ ಕಾರಿನ ಬೆಲೆ ಕೇಳುವ ಮೊದಲು "ನನ್ನ ಪ್ಲಗ್ಗು ಎಲ್ಲಿದೆ?" ಅಂತ ಕೇಳಿಕೊಳ್ಳಿ.

ಬಾಡಿಗೆ ಬ್ಯಾಟರಿ

ಕೊಳ್ಳುವ ಬೆಲೆ ಕಡಿಮೆ ಕಾಣಲಿ ಅಂತ ಕಂಪನಿಗಳು ಒಂದು ಹೊಸ ದಾರಿ ಹುಡುಕಿವೆ. ಕಾರು ನಿಮ್ಮದು, ಬ್ಯಾಟರಿ ಬಾಡಿಗೆಗೆ. 2024ರ ಸೆಪ್ಟೆಂಬರ್‌ನಲ್ಲಿ ಎಂ.ಜಿ. ಕಂಪನಿ ವಿಂಡ್ಸರ್ ಎಂಬ ಕಾರು ಬಿಟ್ಟಿತು. ಬ್ಯಾಟರಿ ಸೇರಿ ಕೊಂಡರೆ ಆರಂಭದ ಬೆಲೆ 13 ಲಕ್ಷ 50 ಸಾವಿರ. ಬ್ಯಾಟರಿ ಬಾಡಿಗೆ ಅಂದ್ರೆ 9 ಲಕ್ಷ 99 ಸಾವಿರ. ಮೇಲೆ ಕಿಲೋಮೀಟರಿಗೆ ಮೂರೂವರೆ ರೂಪಾಯಿ ಬಾಡಿಗೆ.

ಇದು ಮೋಸ ಅಲ್ಲ. ಆದರೆ ಲೆಕ್ಕ ಬೇಕು. ಎರಡು ಬೆಲೆಗೂ ವ್ಯತ್ಯಾಸ ಸುಮಾರು ಮೂರೂವರೆ ಲಕ್ಷ. ಮೂರೂವರೆ ರೂಪಾಯಿಯಂತೆ 1 ಲಕ್ಷ ಕಿಲೋಮೀಟರ್ ಓಡಿಸಿದರೆ ಅಷ್ಟೂ ದುಡ್ಡು ಬಾಡಿಗೆಯಲ್ಲೇ ಹೋಯಿತು. ಕರೆಂಟಿನ ಖರ್ಚು ಬೇರೆ. ಕಡಿಮೆ ಓಡಿಸುವವನಿಗೆ ಈ ದಾರಿ ಸರಿಹೋಗಬಹುದು. ದಿನಕ್ಕೆ 150 ಕಿಲೋಮೀಟರ್ ಓಡಿಸುವವನಿಗೆ ಇದು ಭಾರ. ಯಾವ ಉಳಿತಾಯಕ್ಕೆ ಕರೆಂಟಿನ ಕಾರು ಕೊಂಡನೋ ಆ ಉಳಿತಾಯವೇ ಬಾಡಿಗೆಯಲ್ಲಿ ಸೋರಿಹೋಗುತ್ತದೆ. ಕನಿಷ್ಠ ಇಷ್ಟು ಕಿಲೋಮೀಟರಿನ ದುಡ್ಡು ಕಟ್ಟಲೇಬೇಕು ಎಂಬ ಷರತ್ತು ಇದೆಯೇ ಅಂತಲೂ ಕಾಗದದಲ್ಲಿ ಓದಿ ನೋಡಿ.

ಒಂದೇ ಬಡ್ಡಿ, ಎರಡು ಲೆಕ್ಕ

ಈಗ ಹೇಳುವುದನ್ನು ಗಮನ ಇಟ್ಟು ಕೇಳಿ. ಇದು ಪೆಟ್ರೋಲ್ ಕಾರಿಗೂ ಅನ್ವಯ, ಕರೆಂಟಿನ ಕಾರಿಗೂ ಅನ್ವಯ, ಆಟೋಗೂ ಅನ್ವಯ.

ನೀವು 1 ಲಕ್ಷ ರೂಪಾಯಿ ಸಾಲ ಮಾಡುತ್ತೀರಿ. 5 ವರ್ಷದ ಕಂತು. ಇಬ್ಬರು ಸಾಲ ಕೊಡಲು ಬಂದಿದ್ದಾರೆ. ಇಬ್ಬರೂ "ಬಡ್ಡಿ ನೂರಕ್ಕೆ 10" ಅನ್ನುತ್ತಾರೆ. ಇಬ್ಬರದೂ ಒಂದೇ ಅಂತ ಅನ್ನಿಸುತ್ತದೆ. ಅಲ್ಲ.

ಒಬ್ಬರದು "ಫ್ಲಾಟ್" ಬಡ್ಡಿ. ನೀವು ಪ್ರತಿ ತಿಂಗಳೂ ಅಸಲು ತೀರಿಸುತ್ತಾ ಬಂದರೂ ಬಡ್ಡಿ ಮಾತ್ರ ಕೊನೆಯವರೆಗೂ ಪೂರ್ತಿ 1 ಲಕ್ಷದ ಮೇಲೇ. ವರ್ಷಕ್ಕೆ 10 ಸಾವಿರದಂತೆ 5 ವರ್ಷಕ್ಕೆ 50 ಸಾವಿರ. ತಿಂಗಳ ಕಂತು 2,500 ರೂಪಾಯಿ. ಒಟ್ಟು ಕಟ್ಟುವುದು 1,50,000.

ಇನ್ನೊಬ್ಬರದು "ಇಳಿಯುವ ಬಾಕಿ" ಮೇಲಿನ ಬಡ್ಡಿ. ಉಳಿದಿರುವ ಅಸಲಿಗೆ ಮಾತ್ರ ಬಡ್ಡಿ. ತಿಂಗಳ ಕಂತು ಸುಮಾರು 2,125 ರೂಪಾಯಿ. ಒಟ್ಟು ಕಟ್ಟುವುದು ಸುಮಾರು 1,27,500.

ಬಾಯಲ್ಲಿ ಹೇಳಿದ ಬಡ್ಡಿ ಒಂದೇ. ಕೈಯಿಂದ ಹೋಗುವ ದುಡ್ಡಿನಲ್ಲಿ 22 ಸಾವಿರಕ್ಕೂ ಹೆಚ್ಚು ವ್ಯತ್ಯಾಸ. ಇದು 1 ಲಕ್ಷಕ್ಕೆ. ಸಾಲ 6 ಲಕ್ಷ ಆದರೆ? 1 ಲಕ್ಷ 35 ಸಾವಿರದಷ್ಟು ವ್ಯತ್ಯಾಸ! ಒಂದು ಪದ ಓದಲು ಬಂದರೆ ಅಷ್ಟು ದುಡ್ಡು ಉಳಿಯುತ್ತದೆ.

ಇದಕ್ಕೆ ನಮಗೊಂದು ಹಕ್ಕು ಇದೆ. ಸಾಲ ಕೊಡುವ ಬ್ಯಾಂಕು ಮತ್ತು ಹಣಕಾಸು ಕಂಪನಿಗಳಿಗೆ ರಿಸರ್ವ್ ಬ್ಯಾಂಕ್ 2024ರಲ್ಲಿ ಒಂದು ಆದೇಶ ಮಾಡಿತು. 2024ರ ಅಕ್ಟೋಬರ್ 1ರಿಂದ ಅದು ಕಡ್ಡಾಯವಾಯಿತು. ಸಹಿ ಮಾಡಿಸುವ ಮೊದಲು ಸಾಲಗಾರರಿಗೆ "ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್" ಎಂಬ ಒಂದು ಹಾಳೆ ಕೊಡಬೇಕು. ಸಾಲದ ಮುಖ್ಯ ಸಂಗತಿಗಳ ಪಟ್ಟಿ ಅದು. ಕಂತು ಎಷ್ಟು, ಶುಲ್ಕ ಎಷ್ಟು, ಎಲ್ಲ ಸೇರಿ ವರ್ಷಕ್ಕೆ ನಿಜವಾದ ಬಡ್ಡಿ ಎಷ್ಟು, ಎಲ್ಲವೂ ಅದರಲ್ಲಿ ಇರಬೇಕು. ಅದು ಸಾಲಗಾರನಿಗೆ ತಿಳಿಯುವ ಭಾಷೆಯಲ್ಲೂ ಇರಬೇಕು.

ಅಂದ್ರೆ ನೀವು "ಕನ್ನಡದಲ್ಲಿ ಕೊಡಿ" ಅಂತ ಕೇಳಬಹುದು. ನಾಚಿಕೆ ಬೇಡ, ಹೆದರಿಕೆಯೂ ಬೇಡ. ಮನೆಗೆ ತಂದು ಓದಿ. ಅಡಿಗೆರೆ ಹಾಕಿ ಓದಿ. ತಿಳಿಯದಿದ್ದರೆ ಇಲ್ಲಿಗೇ ತನ್ನಿ, ಒಟ್ಟಿಗೆ ಓದೋಣ. "ಈಗಲೇ ಸಹಿ ಹಾಕಿ, ನಾಳೆ ಬೆಲೆ ಏರುತ್ತೆ" ಅಂತ ಯಾರಾದರೂ ಅವಸರ ಮಾಡಿದರೆ ಎದ್ದು ಬನ್ನಿ.

ಮಾರುವ ಬೆಲೆ

ಮೂರನೇ ಬೆಲೆ ಮಾರುವ ಬೆಲೆ. ಹಳೇ ಪೆಟ್ರೋಲ್ ಕಾರನ್ನು ಮೆಕಾನಿಕ್ ಎಂಜಿನ್ ಸದ್ದು ಕೇಳಿಯೇ ಹೇಗಿದೆ ಅಂತ ಹೇಳುತ್ತಾನೆ. ಕರೆಂಟಿನ ಕಾರಿನ ಬ್ಯಾಟರಿ ಹೊರಗೆ ಕಾಣುವುದಿಲ್ಲ. ವರ್ಷ ಕಳೆದ ಹಾಗೆ ಅದು ಹಿಡಿಯುವ ಕರೆಂಟು ನಿಧಾನವಾಗಿ ಕಡಿಮೆ ಆಗುತ್ತದೆ. ಎಷ್ಟು ಕಡಿಮೆ ಆಗಿದೆ ಅಂತ ಯಂತ್ರ ಇಟ್ಟು ನೋಡಬೇಕು. ಹಾಗಾಗಿ ಹಳೇ ಕರೆಂಟಿನ ಕಾರು ಕೊಳ್ಳಲು ಜನ ಹಿಂದೆ ಮುಂದೆ ನೋಡುತ್ತಾರೆ. ಬೆಲೆಯೂ ಕಡಿಮೆ ಕೇಳುತ್ತಾರೆ.

ಹಲವು ಕಂಪನಿಗಳು ಬ್ಯಾಟರಿಗೆ 8 ವರ್ಷ ಅಥವಾ 1 ಲಕ್ಷ 60 ಸಾವಿರ ಕಿಲೋಮೀಟರ್ ವಾರಂಟಿ ಕೊಡುತ್ತವೆ. ಇದರಲ್ಲಿ "ಅಥವಾ" ಅನ್ನುವ ಪದಕ್ಕೆ ಗುರುತು ಹಾಕಿ. ಎರಡರಲ್ಲಿ ಯಾವುದು ಮೊದಲು ಮುಗಿಯುತ್ತದೋ ಅಲ್ಲಿಗೆ ವಾರಂಟಿ ಮುಗಿಯಿತು. ನಮ್ಮ ಮೂರನೇ ಮನೆಯವನು ವರ್ಷಕ್ಕೆ 45,000 ಓಡಿಸುತ್ತಾನೆ. ಅವನ ವಾರಂಟಿ 8 ವರ್ಷ ಬಾಳುವುದಿಲ್ಲ. ಮೂರೂವರೆ ವರ್ಷಕ್ಕೆ ಮುಗಿಯುತ್ತದೆ. ಸಾಲ 5 ವರ್ಷದ್ದು. ಕೊನೆಯ ಒಂದೂವರೆ ವರ್ಷ ಕಂತೂ ಕಟ್ಟಬೇಕು, ಬ್ಯಾಟರಿಯ ಚಿಂತೆಯೂ ತನ್ನದೇ. ಬಾಡಿಗೆಗೆ ಓಡಿಸುವ ಗಾಡಿಗೆ ಷರತ್ತು ಬೇರೆ ಇರಬಹುದು, ಅದನ್ನೂ ಓದಬೇಕು. ಮೊದಲ ಎರಡು ಮೂರು ವರ್ಷದ ಉಳಿತಾಯದಲ್ಲಿ ಒಂದು ಪಾಲು ಬ್ಯಾಟರಿಗೆ ಅಂತ ಎತ್ತಿಟ್ಟವನು ಬದುಕುತ್ತಾನೆ. ಎಲ್ಲವನ್ನೂ ಲಾಭ ಅಂತ ಖರ್ಚು ಮಾಡಿದವನು ಸಿಕ್ಕಿಬೀಳುತ್ತಾನೆ.

ಕೊನೆಯ ಮಾತು

ಕಾರು ಕೊಳ್ಳಿ ಅಂತ ನಾನು ಹೇಳುವುದಿಲ್ಲ. ಕೊಳ್ಳಬೇಡಿ ಅಂತಲೂ ಹೇಳುವುದಿಲ್ಲ. ದಿನಕ್ಕೆ 10 ಕಿಲೋಮೀಟರಿನ ಮನೆಗೆ ಬಸ್ಸು, ಸೈಕಲ್ಲೇ ಸರಿ ಇರಬಹುದು. 150 ಕಿಲೋಮೀಟರಿನವನಿಗೆ ಕರೆಂಟಿನ ಗಾಡಿ ಅನ್ನ ಕೊಡಬಹುದು. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ ಹಿರಿಯರು. ಹಾಸಿಗೆ ಎಷ್ಟಿದೆ ಅಂತ ಅಳೆಯಲು ಲೆಕ್ಕ ಬೇಕು.

ನಿಮ್ಮ ಮಗ, ತಮ್ಮ, ಅಳಿಯ ಗಾಡಿ ಕೊಳ್ಳುತ್ತೇನೆ ಅಂತ ಬಂದಾಗ ಈ ಆರು ಪ್ರಶ್ನೆ ಕೇಳಿ:

1. ರಸ್ತೆಯ ಬೆಲೆ ಎಷ್ಟು?
2. ದಿನಕ್ಕೆ ಎಷ್ಟು ಕಿಲೋಮೀಟರ್ ಓಡಿಸುತ್ತೀಯ?
3. ಎಲ್ಲಿ ಚಾರ್ಜ್ ಮಾಡುತ್ತೀಯ? ಯೂನಿಟ್ಟಿಗೆ ಎಷ್ಟು?
4. ಬಡ್ಡಿ ಫ್ಲಾಟೋ, ಇಳಿಯುವ ಬಾಕಿಯ ಮೇಲೋ?
5. ವಾರಂಟಿ ಮೊದಲು ಮುಗಿಯುತ್ತದೋ, ಸಾಲ ಮೊದಲು ಮುಗಿಯುತ್ತದೋ?
6. ನಾಳೆ ಮಾರಿದರೆ ಎಷ್ಟು ಬರುತ್ತದೆ?

ಆರಕ್ಕೂ ಉತ್ತರ ಬರೆದು ತರಲು ಹೇಳಿ. ಬಾಯಿಮಾತು ಬೇಡ. ಬರೆದು ತಂದರೆ ನೀವೂ ಓದಿ ನೋಡಬಹುದು. ಈಗ ನಿಮಗೆ ಓದಲು ಬರುತ್ತದಲ್ಲ!

ಮಾತು ಬಲ್ಲವನಿಗೆ ಜಗಳವಿಲ್ಲ, ಊಟ ಬಲ್ಲವನಿಗೆ ರೋಗವಿಲ್ಲ ಅನ್ನುವ ಗಾದೆ ನಿಮಗೆ ಗೊತ್ತು. ಲೆಕ್ಕ ಬಲ್ಲ ಮನೆಗೆ ಕಂತಿನ ಭಯವಿಲ್ಲ ಅಂತ ನಾವು ಅದಕ್ಕೆ ಸೇರಿಸಿಕೊಳ್ಳೋಣ.

  ಈಗ ನಿಮ್ಮ ಪ್ರಶ್ನೆ ಕೇಳಿ.